ಓದಿಸದೆ ಇಟ್ಟ ಕಾರ್ಡು

ವಕೀಲಿ ಶುರು ಮಾಡಿದ ಎರಡನೆಯ ವರ್ಷದಲ್ಲಿ ನಾನು ಒಬ್ಬ ವಯಸ್ಸಾದ ಹೆಂಗಸಿಗೂ ಒಬ್ಬ ಕಬ್ಬಿಣದ ಕೆಲಸದ ಮೇಸ್ತ್ರಿಗೂ ಅನ್ಯಾಯ ಮಾಡಿದೆ. ಒಬ್ಬರು ನನ್ನ ಕಕ್ಷಿದಾರರು, ಇನ್ನೊಬ್ಬರು ಎದುರು ಪಾರ್ಟಿ. ಒಂದೇ ದಾವೆಯಲ್ಲಿ ಇಬ್ಬರಿಗೂ ಕೆಟ್ಟದ್ದು ಮಾಡುವುದು ಹೇಗೆ ಸಾಧ್ಯ ಎಂದು ಯಾರಾದರೂ ಕೇಳಬಹುದು. ಸಾಧ್ಯ. ಹೇಗೆಂದು ಹೇಳುತ್ತೇನೆ.

ಅದು ನಲವತ್ತೆರಡನೆಯ ಇಸವಿ. ಮಂಡ್ಯದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಆ ವರ್ಷದ ಚಳವಳಿಯಲ್ಲಿ ಅವರು ಭಾಷಣ ಮಾಡಿ ಜೈಲಿಗೆ ಹೋದರು. ಹೋಗುವ ಮುಂಚೆ ಆಫೀಸಿನ ಬೀಗದ ಕೈ ನನಗೆ ಕೊಟ್ಟು, ಇರುವ ಕೇಸುಗಳನ್ನು ವಾಯಿದೆ ಹಾಕಿಸುತ್ತಾ ಇರು, ಹೊಸದೇನೂ ಹಿಡಿಯಬೇಡ ಎಂದಿದ್ದರು. ಎರಡು ತಿಂಗಳು ಹಾಗೇ ಮಾಡಿದೆ. ದಿನಾ ಕೋಟು ಹಾಕಿಕೊಂಡು ಮುನ್ಸೀಫರ ಕೋರ್ಟಿಗೆ ಹೋಗುವುದು, ನಮ್ಮ ಹಿರಿಯರು ಬಂದಿಲ್ಲ ಸ್ವಾಮಿ ಎನ್ನುವುದು, ಮುಂದಿನ ತಾರೀಖು ಬರೆದುಕೊಂಡು ಬರುವುದು. ನನ್ನ ಜೊತೆ ಓದಿದವರು ಆಗಲೇ ತಮ್ಮ ಹೆಸರಿನಲ್ಲಿ ವಕಾಲತ್ತು ಹಾಕುತ್ತಿದ್ದರು. ನನ್ನ ಹೆಸರು ಇನ್ನೂ ಒಂದು ಕಾಗದದ ಮೇಲೂ ಬಂದಿರಲಿಲ್ಲ.

ದೀಪಾವಳಿ ಕಳೆದು ಒಂದು ವಾರಕ್ಕೆ ಆ ಹೆಂಗಸು ಬಂದರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಮಳವಳ್ಳಿ ಇನ್ನೂ ಮೂರು ಮೈಲಿ ಇರುವಾಗ ಎಡಕ್ಕೆ ಇಳಿದರೆ ಅವರ ಊರು. ಗಂಡ ಸತ್ತು ಹತ್ತು ವರ್ಷವಾಗಿತ್ತು. ಗದ್ದೆ, ಕಬ್ಬು, ಆಳುಕಾಳು ಎಲ್ಲವನ್ನೂ ತಾವೇ ನಿಂತು ನೋಡಿಕೊಳ್ಳುತ್ತಿದ್ದರು. ಊರವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಗಂಡನ ಜಮೀನಿನ ಕೇಸನ್ನು ಹಿಂದೆ ನಮ್ಮ ಹಿರಿಯರು ನಡೆಸಿದ್ದರಿಂದ ಆಫೀಸು ಅವರಿಗೆ ಗೊತ್ತಿತ್ತು.

ವಿಷಯ ದೊಡ್ಡದೇನಲ್ಲ. ಅವರ ಮನೆಯಲ್ಲಿ ಎತ್ತು ಕಟ್ಟಿ ತಿರುಗಿಸುವ ಕಬ್ಬಿಣದ ಗಾಣ ಇತ್ತು. ಅವರ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗುತ್ತಿರಲಿಲ್ಲ. ಮನೆಯ ಗಾಣದಲ್ಲೇ ಅರೆದು, ಆಲೆಮನೆ ಹಾಕಿ ಬೆಲ್ಲ ಮಾಡುತ್ತಿದ್ದರು. ಹಿಂದಿನ ಸಲ ಅರೆಯುವಾಗ ಗಾಣದ ಒಂದು ರೋಲು ಬಿರುಕು ಬಿಟ್ಟು, ಚಕ್ರದ ಹಲ್ಲುಗಳು ಮುರಿದಿದ್ದವು. ಶ್ರಾವಣದಲ್ಲಿ ಅದನ್ನು ಗಾಡಿಗೆ ಹೇರಿಸಿ ಮದ್ದೂರಿನ ಪೇಟೆಯಲ್ಲಿದ್ದ ಒಬ್ಬ ಸಾಬರ ಅಂಗಡಿಗೆ ಕಳಿಸಿದ್ದರು. ಸುತ್ತಮುತ್ತ ಗಾಣ, ಪಂಪು, ಗಾಡಿ ಪಟ್ಟಿ ಏನೇ ಕೆಟ್ಟರೂ ಆ ಮೇಸ್ತ್ರಿಯ ಹತ್ತಿರವೇ ಹೋಗುತ್ತಿತ್ತು. ದೀಪಾವಳಿಗೆ ಮುಂಚೆ ಕೊಡುತ್ತೇನೆ ಎಂದಿದ್ದರಂತೆ. ಹಬ್ಬ ಕಳೆದರೂ ಗಾಣ ಬರಲಿಲ್ಲ. ಎರಡು ಸಲ ಆಳು ಕಳಿಸಿದರೆ ಎರಡು ಸಲವೂ ಅಂಗಡಿ ಬಾಗಿಲು ಹಾಕಿತ್ತು, ಮನೆಯಲ್ಲೂ ಯಾರೂ ಇರಲಿಲ್ಲ.

ದೊಡ್ಡವ್ವ ಬಂದದ್ದು ದಾವೆ ಹಾಕಲು ಅಲ್ಲ. ಇದನ್ನು ನಾನು ಮೊದಲೇ ಹೇಳಿಬಿಡಬೇಕು. ಬೆಂಚಿನ ಮೇಲೆ ಕೂತು ಅವರು ಕೇಳಿದ್ದು ಇಷ್ಟು: "ಒಂದ್ ಕಾಗ್ದ ಬರ್ದು ಆಕ್ಬುಡಪ್ಪ. ಗಾಣ ಯಾವಾಗ ಕೊಟ್ಟೀಯೆ ಅಂತ ಕೇಳು. ಅಷ್ಟೇಯ."

ನಾನು ಬರೆದದ್ದು ಕಾಗದವಲ್ಲ, ಲಾಯರ್ ನೋಟೀಸು. ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಮೇಸ್ತ್ರಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂದು ದೊಡ್ಡವ್ವನೇ ಹೇಳಿದ್ದರು. ಆದರೆ ಆಫೀಸಿನ ಟೈಪ್ ಮೆಷಿನ್ ಇಂಗ್ಲಿಷಿನದು. ನನ್ನ ಹೆಸರು, ಅದರ ಕೆಳಗೆ ನನ್ನ ಡಿಗ್ರಿ, ಟೈಪಿನ ಅಕ್ಷರದಲ್ಲಿ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ನನಗಿತ್ತು. ಈ ನೋಟೀಸು ತಲುಪಿದ ಹದಿನೈದು ದಿನಗಳೊಳಗೆ ಗಾಣವನ್ನು ಒಪ್ಪಿಸತಕ್ಕದ್ದು, ತಪ್ಪಿದರೆ ಸಿವಿಲ್ ದಾವೆ ಹೂಡಲಾಗುವುದು, ಅದರ ಕಷ್ಟನಷ್ಟಗಳಿಗೆ ನೀವೇ ಹೊಣೆ ಎಂಬ ಅರ್ಥದಲ್ಲಿ ಒಂದು ಪುಟ ತುಂಬಿಸಿ ರಿಜಿಸ್ಟರ್ ಮಾಡಿದೆ. ಓದಿ ಹೇಳು ಎಂದು ದೊಡ್ಡವ್ವ ಕೇಳಿದಾಗ, ಗಾಣ ಕೊಡಿ ಅಂತ ಬರೆದಿದ್ದೇನೆ ಎಂದೆ.

ನಾಲ್ಕು ದಿನಕ್ಕೆ ರಸೀತಿ ವಾಪಸು ಬಂತು. ಸಹಿ ಉರ್ದುವಿನಲ್ಲಿತ್ತು. ಅಲ್ಲಿಂದ ಹದಿನೈದು ದಿನ ಎಣಿಸಿದೆ. ದಿನಾ ಟಪಾಲಿನವನು ಬಂದಾಗ, ಉತ್ತರ ಬಂದೀತು ಎಂದು ಕಾಯುವುದು ಸರಿಯಾದ ವಕೀಲರ ಲಕ್ಷಣ. ನಾನು ಉತ್ತರ ಬಾರದಿರಲಿ ಎಂದು ಕಾಯುತ್ತಿದ್ದೆ. ಹದಿನಾರನೆಯ ದಿನ ಬೆಳಿಗ್ಗೆ ದಾವೆಯ ಅರ್ಜಿ ಬರೆಯಲು ಕೂತೆ.

ಹೇಳಿಕಳಿಸಿದ ಮೇಲೆ ದೊಡ್ಡವ್ವ ಬಂದರು. ಪೆಟ್ರೋಲು ಸಿಗದ ಕಾಲ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತು, ಜನ ಇಳಿದು ತಳ್ಳಿ, ಅವರು ಮಂಡ್ಯ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಉತ್ತರ ಬಂದಿಲ್ಲ, ಇನ್ನು ಕೋರ್ಟಿಗೆ ಹೋಗುವುದೇ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಇಪ್ಪತ್ತು ವರ್ಷದಿಂದ ನೋಡಿದ ಮನುಷ್ಯ, ತಮ್ಮ ಮಗಳ ಮದುವೆಗೆ ಬಂದು ಗ್ಯಾಸ್ ಲೈಟು ರಿಪೇರಿ ಮಾಡಿಕೊಟ್ಟು ಊಟ ಮಾಡಿಕೊಂಡು ಹೋದವನು, ಏನೋ ತೊಂದರೆ ಇರಬೇಕು ಎಂದರು.

"ಅವ್ನು ಅಂಗೆಲ್ಲ ಮಾಡೋನಲ್ಲ ಕಣಪ್ಪ. ಸಂಕ್ರಾಂತಿಗಂಟ ನೋಡವ, ಬುಡು."

ಅವರು ಎದ್ದೇಬಿಡುತ್ತಿದ್ದರು. ಆಗ ನಾನು ಹೇಳಿದೆ: "ಕಾನೂನಿನಲ್ಲಿ ವಾಯಿದೆ ಅಂತ ಒಂದಿದೆ ದೊಡ್ಡವ್ವ. ಅದು ದಾಟಿದರೆ ಗಾಣ ಕೇಳುವ ಹಕ್ಕೇ ಹೋಗಿಬಿಡುತ್ತದೆ."

ಇದು ಸುಳ್ಳಲ್ಲ. ಅಂಥ ವಾಯಿದೆ ಇದೆ. ಅದು ಮೂರು ವರ್ಷ ಎಂದು ಮಾತ್ರ ಹೇಳಲಿಲ್ಲ. ಅವರು ಅದನ್ನು ಎಂಟೋ ಹತ್ತೋ ದಿನ ಎಂದುಕೊಂಡರು. ಅವರ ಮುಖ ನೋಡಿದಾಗಲೇ ನನಗೆ ಅದು ಗೊತ್ತಾಯಿತು. ತಿದ್ದಲಿಲ್ಲ. ದೊಡ್ಡವ್ವ ಎಡಗೈ ಹೆಬ್ಬೆಟ್ಟು ಮುಂದೆ ಚಾಚಿದರು. ದಾವೆಯ ಅರ್ಜಿಗೆ ಒಂದು, ವಕಾಲತ್ತಿಗೆ ಒಂದು, ಜೊತೆಗೆ ನಾನು ಸೇರಿಸಿದ್ದ ಒಂದು ಪ್ರಮಾಣಪತ್ರಕ್ಕೆ ಒಂದು ಒತ್ತಿಸಿಕೊಂಡೆ. ಆ ಪ್ರಮಾಣಪತ್ರದಲ್ಲಿ, ಯುದ್ಧದಿಂದಾಗಿ ಕಬ್ಬಿಣಕ್ಕೆ ಬೆಲೆ ಏರಿರುವುದರಿಂದ ಪ್ರತಿವಾದಿಯು ಗಾಣವನ್ನು ಒಡೆದು ಗುಜರಿಗೆ ಮಾರುವ ಸಂಭವವಿದೆ, ಆದ್ದರಿಂದ ತೀರ್ಮಾನವಾಗುವವರೆಗೆ ಅವನ ಅಂಗಡಿಗೆ ಬೀಗ ಹಾಕಿಸಬೇಕು ಎಂದು ಬರೆದಿದ್ದೆ. ಆ ಮಾತನ್ನು ದೊಡ್ಡವ್ವ ಹೇಳಿರಲಿಲ್ಲ. ನಾನೂ ಓದಿ ಹೇಳಲಿಲ್ಲ. ಅಂಥ ಮಾತು ಇಲ್ಲದಿದ್ದರೆ ಕೋರ್ಟು ಕೂಡಲೇ ಹುಕುಂ ಕೊಡುವುದಿಲ್ಲ, ಆದ್ದರಿಂದ ಬರೆದೆ.

ಹೆಬ್ಬೆಟ್ಟಿನ ಮಸಿಯನ್ನು ಅವರು ಸೆರಗಿನ ತುದಿಗೆ ಒರೆಸಿಕೊಳ್ಳುತ್ತಿದ್ದಾಗ ಟಪಾಲಿನವನು ಬಂದ. ಒಂದು ಕಾರ್ಡು ಕೊಟ್ಟ. ವಿಳಾಸ ಯಾರೋ ಕನ್ನಡದಲ್ಲಿ ಬರೆದಿದ್ದರು, ಹಿಂದುಗಡೆ ಪೂರ್ತಿ ಉರ್ದು. ಒತ್ತೊತ್ತಾಗಿ, ಅಂಚಿನವರೆಗೂ ಬರೆದದ್ದು. ಎಲ್ಲಿಂದ ಬಂದದ್ದೆಂದು ಊಹಿಸುವುದು ಕಷ್ಟವಿರಲಿಲ್ಲ. ಮಂಡ್ಯದಲ್ಲಿ ನನಗೆ ಉರ್ದುವಿನಲ್ಲಿ ಕಾಗದ ಬರೆಯುವವರು ಬೇರೆ ಯಾರಿದ್ದರು?

"ಏನಪ್ಪ ಅದು?" ಎಂದರು ದೊಡ್ಡವ್ವ.

ಏನೋ ಆಫೀಸಿನದು ಎಂದೆ.

ನಮ್ಮ ಆಫೀಸಿನ ಪಕ್ಕದ ಮಳಿಗೆಯಲ್ಲಿ ಒಬ್ಬ ದರ್ಜಿ ಇದ್ದ. ನನ್ನ ಕೋಟು ಹೊಲಿದವನು ಅವನೇ. ಬೆಂಗಳೂರಿನಿಂದ ಬರುವ ಉರ್ದು ಪತ್ರಿಕೆಯ ಯುದ್ಧದ ಸುದ್ದಿಯನ್ನು ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದಿ, ಕೂತವರಿಗೆಲ್ಲ ಕನ್ನಡದಲ್ಲಿ ವಿವರಿಸುತ್ತಿದ್ದ. ನಾನು ಎದ್ದು ಹತ್ತು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಆದರೆ ಛಾಪಾ ಕಾಗದದ ಮೇಲೆ ಅರ್ಜಿ ನಕಲಾಗಿತ್ತು, ಹೆಬ್ಬೆಟ್ಟು ಬಿದ್ದಿತ್ತು, ವಕಾಲತ್ತಿನ ಮೇಲೆ ಮೊದಲ ಸಲ ನನ್ನ ಹೆಸರಿತ್ತು. ಕಾರ್ಡು ಓದಿಸಿದರೆ ಅದೆಲ್ಲ ನಿಂತುಹೋಗುವ ಭಯ. ನೋಟೀಸಿಗೆ ಉತ್ತರ ಎಂದರೆ ವಕೀಲರ ಮೂಲಕ, ಇಂಗ್ಲಿಷಿನಲ್ಲೋ ಕನ್ನಡದಲ್ಲೋ, ವಾಯಿದೆಯೊಳಗೆ ಬರಬೇಕು, ಇದು ಉತ್ತರವೇ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾರ್ಡನ್ನು ಕಡತದ ಕಟ್ಟಕಡೆಯ ಹಾಳೆಯ ಹಿಂದೆ ಇಟ್ಟೆ. ಮಾರನೆಯ ದಿನ ದಾವೆ ಹೂಡಿದೆ.

ಬೀಗದ ಹುಕುಂ ಸುಲಭವಾಗಿ ಸಿಕ್ಕಿತು. ಎದುರು ಪಾರ್ಟಿ ಇಲ್ಲದಿರುವಾಗ ಮುನ್ಸೀಫರು ನಂಬಬೇಕಾದದ್ದು ವಕೀಲನ ಮಾತನ್ನೇ. ಕೋರ್ಟಿನ ಅಮೀನರು ಮದ್ದೂರಿಗೆ ಹೋದಾಗ ನಾನೂ ಜೊತೆಗೆ ಹೋದೆ. ಪೇಟೆ ಬೀದಿಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ಮೇಸ್ತ್ರಿ ಇರಲಿಲ್ಲ. ಹದಿನೆಂಟು ಹತ್ತೊಂಬತ್ತು ವರ್ಷದ ಮಗಳು ಪರದೆಯ ಹಿಂದೆ ನಿಂತು, ತಂದೆ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿದ್ದಾರೆ ಎಂದಳು. ಆಮೇಲೆ, ನಾವು ಕಾರ್ಡು ಹಾಕಿದ್ದೆವಲ್ಲ ಎಂದಳು. ಅದನ್ನು ಅವಳು ಅಮೀನರಿಗೆ ಹೇಳಿದ್ದು. ಅವರು ನನ್ನ ಕಡೆ ನೋಡಿದರು. ಕೋರ್ಟಿಗೆ ಬಂದು ಹೇಳಿಕೊಳ್ಳಲಿ ಎಂದೆ.

ಅಂಗಡಿಯ ಒಳಗೆ ಮಂಕು ಬೆಳಕು. ಏನೇನೋ ಸಾಮಾನು, ನೇಗಿಲ ಗುಳಗಳು, ಎರಡು ಪಂಪಿನ ಚಕ್ರ, ಒಂದು ಹೊಲಿಗೆ ಯಂತ್ರದ ಕಾಲು. ಗಾಣ ಹಿಂದುಗಡೆ ಗೋಣಿತಾಟು ಮುಚ್ಚಿಕೊಂಡು ನಿಂತಿತ್ತು. ಅಮೀನರು ತಾಟು ಎತ್ತಿ ನೋಡಿ ಪಟ್ಟಿಯಲ್ಲಿ ಬರೆದುಕೊಂಡರು. ರಿಪೇರಿ ಆಗಿದೆಯೇ ಇಲ್ಲವೇ ಎಂದು ನಾನು ನೋಡಲೂ ಇಲ್ಲ. ಬೀಗ ಹಾಕಿ, ಬಟ್ಟೆ ಸುತ್ತಿ, ಅರಗಿನ ಮೊಹರು ಒತ್ತಿದರು. ಬೀದಿಯ ಜನರೆಲ್ಲ ನಿಂತು ನೋಡುತ್ತಿದ್ದರು. ಮದ್ದೂರು ಪೇಟೆಯಲ್ಲಿ ಅಂಗಡಿಗೆ ಮೊಹರು ಬೀಳುವುದೆಂದರೆ ಮುಖಕ್ಕೆ ಮಸಿ ಬಳಿದ ಹಾಗೆ. ಆ ಹೊತ್ತಿನಲ್ಲಿ ನನಗೆ ಹೆಮ್ಮೆಯೇ ಆಗಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಎರಡು ದಿನಕ್ಕೆ ಕೋರ್ಟಿಗೆ ಕ್ರಿಸ್‌ಮಸ್ ರಜೆ ಬಂತು. ಮುಂದಿನ ತಾರೀಖು ಸಂಕ್ರಾಂತಿ ಕಳೆದ ಮೇಲೆ. ಅಷ್ಟು ದಿನವೂ ಬೀಗ ಬೀಗವೇ. ಅಂಗಡಿಯೊಳಗೆ ತಮ್ಮ ಸಾಮಾನು ಸಿಕ್ಕಿಹಾಕಿಕೊಂಡ ರೈತರು ಮೇಸ್ತ್ರಿಯ ಮನೆ ಬಾಗಿಲಿಗೆ ಹೋಗಿ ಗಲಾಟೆ ಮಾಡಿದರೆಂದು ಆಮೇಲೆ ತಿಳಿಯಿತು. ಅತ್ತ ದೊಡ್ಡವ್ವನ ಕಬ್ಬು ಬಲಿತು ಸೂಲಂಗಿ ಬಿಡುತ್ತಿತ್ತು. ಹೂ ಬಿಟ್ಟ ಕಬ್ಬು ಒಳಗೆ ಬೆಂಡಾಗುತ್ತದೆ, ಬೆಲ್ಲ ಕೂರುವುದಿಲ್ಲ. ಅವರು ಒಂದು ದಿನ ಆಳು ಕಳಿಸಿ, ಗಾಣ ಸಿಕ್ಕಿದೆ ಎಂದರೆ ಗಾಡಿ ಕಳಿಸಲೇ ಎಂದು ಕೇಳಿದರು. ಅದು ಈಗ ಕೋರ್ಟಿನ ವಶದಲ್ಲಿದೆ, ಮುಟ್ಟುವ ಹಾಗಿಲ್ಲ ಎಂದು ಹೇಳಿಕಳಿಸಿದೆ. ನಮ್ಮದೇ ಗಾಣ ನಾವು ಕೇಳಿ ನಮಗೇ ಸಿಗದ ಹಾಗಾಯಿತಲ್ಲ ಎಂದು ಆ ಆಳು ಬಾಗಿಲಲ್ಲೇ ನಿಂತು ಅಂದ.

ತಾರೀಖಿನ ದಿನ ಮೇಸ್ತ್ರಿ ಬಂದರು. ನಾನು ಅವರನ್ನು ಅಂದೇ ಮೊದಲು ನೋಡಿದ್ದು. ಐವತ್ತೈದರ ಸುಮಾರಿನ, ಎತ್ತರದ, ತೆಳುವಾದ ಮನುಷ್ಯ. ಬಲಗೈಗೆ ಮಣಿಕಟ್ಟಿನವರೆಗೂ ಬಟ್ಟೆ ಸುತ್ತಿತ್ತು. ವಕೀಲರನ್ನು ಇಟ್ಟಿರಲಿಲ್ಲ. ಕರೆದಾಗ ಮುಂದೆ ಬಂದು, ಎಡಗೈ ಎತ್ತಿ ಸಲಾಮು ಮಾಡಿ, ಕನ್ನಡದಲ್ಲೇ ಹೇಳಿದರು. ರೋಲಿಗೆ ಬೇಕಾದ ಕಬ್ಬಿಣಕ್ಕೆ ಪರ್ಮಿಟ್ಟು ಸಿಗುವುದು ತಡವಾಯಿತು. ಹಬ್ಬದ ಹೊತ್ತಿಗೆ ಕೆಲಸ ಮುಗಿಸಿ, ಸರಿಯಾಗಿ ಕಚ್ಚುತ್ತದೆಯೇ ನೋಡೋಣವೆಂದು ಕಬ್ಬು ಕೊಟ್ಟು ತಿರುಗಿಸುವಾಗ ಕೈ ಸಿಕ್ಕಿಕೊಂಡಿತು. ಎರಡು ಬೆರಳು ಹೋದವು. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದೆ. ಗಾಣ ಅವತ್ತಿನಿಂದ ತಯಾರಾಗಿಯೇ ಇದೆ.

ಮುನ್ಸೀಫರು, ನೋಟೀಸಿಗೆ ಉತ್ತರ ಯಾಕೆ ಕೊಡಲಿಲ್ಲ ಎಂದು ಕೇಳಿದರು.

"ಕೊಟ್ಟಿದ್ದೀನಿ ಸ್ವಾಮಿ. ಮಗಳ ಕೈಲಿ ಕಾರ್ಡು ಬರ್ಸಿ ಆಕ್ದೆ. ಸ್ವಲ್ಪ ತಡ ಆಯ್ತು, ತಪ್ಪು ನಂದೇ."

ಮುನ್ಸೀಫರು ನನ್ನ ಕಡೆ ತಿರುಗಿ, ಕಾರ್ಡು ಬಂತೇ ಎಂದರು. ಕಡತ ನನ್ನ ಮುಂದೆ ಮೇಜಿನ ಮೇಲೇ ಇತ್ತು.

"ನೋಟೀಸಿಗೆ ಕ್ರಮವಾದ ಉತ್ತರ ಯಾವುದೂ ಬಂದಿಲ್ಲ ಸ್ವಾಮಿ" ಎಂದೆ.

ಅವರು ಅದನ್ನು ಬರೆದುಕೊಂಡರು. ಆಮೇಲೆ ಪ್ರಮಾಣಪತ್ರವನ್ನು ತೆಗೆದು, ಗುಜರಿಗೆ ಮಾರುವ ಸಂಭವವಿದೆ ಎಂಬ ಸಾಲನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿ, ದೊಡ್ಡವ್ವನನ್ನು ಕೇಳಿದರು, ಈ ಸಂಶಯ ನಿಮಗೆ ಯಾಕೆ ಬಂತಮ್ಮ?

ದೊಡ್ಡವ್ವ ಮೇಸ್ತ್ರಿಯ ಕೈ ನೋಡುತ್ತಾ ನಿಂತಿದ್ದರು. "ನಾನು ಅಂಗಂದಿಲ್ಲ" ಎಂದರು. ಅಷ್ಟೇ. ನನ್ನ ಕಡೆ ತೋರಿಸಲೂ ಇಲ್ಲ. ಹಳ್ಳಿಯ ಹೆಂಗಸು, ಹೆದರಿ ಹೇಳುತ್ತಿದ್ದಾಳೆ ಎಂದುಕೊಂಡರೋ ಏನೋ, ಮುನ್ಸೀಫರು ಮುಂದೆ ಕೆದಕಲಿಲ್ಲ. ಅಂದೇ ಬೀಗ ತೆಗೆದು ಗಾಣವನ್ನು ವಾದಿಗೆ ಒಪ್ಪಿಸಬೇಕೆಂದು ಹುಕುಂ ಮಾಡಿದರು. ದಾವೆ ಮುಗಿದ ಹಾಗೆಯೇ ಆಯಿತು. ಗೆದ್ದವನು ನಾನು. ಪಕ್ಕದಲ್ಲಿದ್ದ ಒಬ್ಬ ವಕೀಲರು ಮೆಲ್ಲಗೆ ನನ್ನ ಬೆನ್ನು ತಟ್ಟಿದರು.

ಹೊರಗೆ ಜಗಲಿಯಲ್ಲಿ ದೊಡ್ಡವ್ವ ನಿಂತರು.

"ಅವತ್ತು ನಾನ್ ಕುಂತಿರುವಾಗ ಬಂತಲ್ಲ, ಅದೇಯಾ ಆ ಕಾರ್ಡು?"

ಹೌದು ಎಂದೆ.

"ಓದುಸ್ಲಿಲ್ವಾ?"

ಇಲ್ಲ ಎಂದೆ. ಇನ್ನೇನಾದರೂ ಕೇಳುತ್ತಾರೆ ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ಮೆಟ್ಟಲಿಳಿದು, ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಕೂತಿದ್ದ ಮೇಸ್ತ್ರಿಯ ಹತ್ತಿರ ಹೋದರು. ಅಲ್ಲೇ ನೆಲದ ಮೇಲೆ ಕೂತರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಮೇಸ್ತ್ರಿ ಒಂದೆರಡು ಸಲ ತಲೆ ಅಲ್ಲಾಡಿಸಿದರು. ಆಮೇಲೆ ಇಬ್ಬರೂ ಎದ್ದು ಒಂದೇ ಬಸ್ಸಿಗೆ ಹೊರಟರು. ನಾನು ಜಗಲಿಯ ಕಂಬದ ಹತ್ತಿರ ಕಡತ ಹಿಡಿದುಕೊಂಡು ನಿಂತಿದ್ದೆ.

ನಾಲ್ಕು ದಿನ ಆಫೀಸಿಗೆ ಹೋಗಲಿಲ್ಲ, ಕೇಳಿದವರಿಗೆ ಜ್ವರ ಎಂದೆ. ಐದನೆಯ ದಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಮದ್ದೂರಿಗೆ ಹೋದೆ. ದರ್ಜಿಯ ಹತ್ತಿರ ಓದಿಸಬಹುದಾಗಿತ್ತು. ಆದರೆ ಈಗ ಅವನ ಮುಂದೆ ಅದನ್ನು ತೆಗೆಯಲು ನಾಚಿಕೆಯಾಯಿತು.

ಅಂಗಡಿ ತೆರೆದಿತ್ತು, ಕೆಲಸ ನಡೆಯುತ್ತಿರಲಿಲ್ಲ. ಮೇಸ್ತ್ರಿ ಒಳಗೆ ಕೂರಿಸಿದರು. ಚಹಾ ಬಂತು. ಕಾರ್ಡನ್ನು ಅವರ ಮುಂದೆ ಇಟ್ಟೆ. ಅವರು ನೋಡಿ, ಕನ್ನಡಕ ಹುಡುಕದೆ, ಅದನ್ನು ಪರದೆಯ ಹಿಂದಕ್ಕೆ ಕೊಟ್ಟು, ಓದಿ ಇವರಿಗೆ ಹೇಳಮ್ಮ ಎಂದರು. ಮಗಳು ಒಂದೊಂದು ಸಾಲು ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ತಾನು ಬರೆದದ್ದನ್ನು ತಾನೇ ಓದುವಾಗ ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗಿತ್ತು.

ವಕೀಲ ಸಾಹೇಬರಿಗೆ ಸಲಾಮು. ನಿಮ್ಮ ಕಾಗದ ಬಂತು. ಅದು ಇಂಗ್ಲಿಷಿನಲ್ಲಿದ್ದುದರಿಂದ ಓದುವವರನ್ನು ಹುಡುಕಬೇಕಾಯಿತು. ರೈಲು ಸ್ಟೇಷನ್ನಿನಲ್ಲಿ ಒಬ್ಬ ಗುಮಾಸ್ತರಿದ್ದಾರೆ, ಅವರು ರಜೆಯಲ್ಲಿದ್ದರು, ಬಂದ ಮೇಲೆ ಓದಿ ಹೇಳಿದರು. ಅಬ್ಬಾ ಕೈಗೆ ಪೆಟ್ಟಾಗಿ ಮೈಸೂರಿನಲ್ಲಿದ್ದಾರೆ. ಅವರ ಹತ್ತಿರ ಹೋಗಿ ಕೇಳಿಕೊಂಡು ಬಂದು ಬರೆಯುತ್ತಿದ್ದೇನೆ, ಅದಕ್ಕೆ ತಡ, ಮಾಫಿ ಇರಲಿ. ಗಾಣ ತಯಾರಿದೆ. ಅಮ್ಮನವರಿಗೆ ಯಾವತ್ತು ಬೇಕಾದರೂ ಗಾಡಿ ಕಳಿಸಲು ಹೇಳಿ, ಬೀಗದ ಕೈ ಮನೆಯಲ್ಲೇ ಇದೆ, ನಾವು ತೆಗೆದುಕೊಡುತ್ತೇವೆ.

ಓದಿ ಮುಗಿಸಿದ ಮೇಲೆ ಅವಳು, ನನಗೆ ಕನ್ನಡ ಬರೆಯೋಕೆ ಬರೋಲ್ಲ ಎಂದಳು. ಉರ್ದುವಿನಲ್ಲಿ ಬರೆದರೆ ಅವರಿಗೆ ತಿಳಿಯುತ್ತದೆಯೇ ಎಂದು ಅವಳೇ ಆಸ್ಪತ್ರೆಯಲ್ಲಿ ತಂದೆಯನ್ನು ಕೇಳಿದ್ದಳಂತೆ.

ಮೇಸ್ತ್ರಿ ಹೇಳಿದರು: "ನಾನೇ ಅಂದೆ. ಲಾಯರ್ ಅಲ್ವಾ, ಓದುಸ್ಕತಾರೆ ಬರಿ, ಅಂತ."

ನಾನು ತಲೆ ಎತ್ತಲಿಲ್ಲ. ಅವರ ಕಡೆಯವರು ನನ್ನ ಒಂದು ಹಾಳೆಯನ್ನು ಓದಿಸಲು ಸ್ಟೇಷನ್ನಿಗೆ ಎಷ್ಟು ಸಲ ಅಲೆದಿದ್ದರೋ. ಇತ್ತ ನನಗೆ ಪಕ್ಕದ ಮಳಿಗೆ ದೂರವಾಗಿತ್ತು. ಎಲ್ಲವನ್ನೂ ಹೇಳಿದೆ. ಕಾರ್ಡು ದಾವೆಗೆ ಮುಂಚೆಯೇ ಬಂದಿತ್ತು, ಬೇಕೆಂದೇ ಓದಿಸಲಿಲ್ಲ, ಕೋರ್ಟಿನಲ್ಲಿ ಮಾತು ತಿರುಗಿಸಿದೆ, ಗುಜರಿಯ ಮಾತು ನನ್ನದು, ದೊಡ್ಡವ್ವನದಲ್ಲ. ಮುನ್ಸೀಫರ ಹತ್ತಿರ ಹೋಗಿ ಇದನ್ನೆಲ್ಲ ಒಪ್ಪಿಕೊಳ್ಳಲೇ ಎಂದು ಕೇಳಿದೆ.

ಮೇಸ್ತ್ರಿ ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಬೆರಳಿನ ನೋವಿಗಿಂತ ಬೀಗ ಹಾಕಿದ್ದು ಕಷ್ಟವಾಯಿತು ಎಂದರು. ಇನ್ನೊಬ್ಬರ ಸಾಮಾನನ್ನು ಒಂದು ದಿನವೂ ಹೀಗೆ ಇಟ್ಟುಕೊಂಡವನಲ್ಲ ಎಂದರು. ಕೊನೆಗೆ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು.

"ಏಳ್ಬೇಕು ಅನ್ಸಿದ್ರೆ ಓಗಿ ಏಳಿ. ಬ್ಯಾಡ ಅನ್ಸಿದ್ರೆ ಬುಡಿ. ನನ್ನ ಕೇಳ್ಬ್ಯಾಡಿ ಅದನ್ನ."

ನಾನು ಬಯಸಿದ್ದು ಬೇರೆ ಉತ್ತರ. ಹೋಗಲಿ ಬಿಡಿ ಎನ್ನುತ್ತಾರೆ, ಆ ಮಾತು ಹಿಡಿದುಕೊಂಡು ಹಗುರಾಗಿ ಮಂಡ್ಯಕ್ಕೆ ವಾಪಸು ಬರುತ್ತೇನೆ ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅವರು ಹಾಗನ್ನಲಿಲ್ಲ. ಮುನ್ಸೀಫರ ಹತ್ತಿರ ನಾನು ಹೋಗಲೂ ಇಲ್ಲ. ನಾಳೆ ಹೋಗೋಣ, ಈ ವಾರ ಬೇಡ, ಅವರ ಮೂಡು ನೋಡಿಕೊಂಡು ಹೋಗೋಣ ಎಂದು ತಳ್ಳುತ್ತಾ ಬಂದೆ. ವರ್ಷ ಕಳೆಯುವುದರೊಳಗೆ ಅವರಿಗೆ ಹಾಸನಕ್ಕೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಹಾರ ಹಾಕಿದವರಲ್ಲಿ ನಾನೂ ಒಬ್ಬ.

ಮೇಸ್ತ್ರಿಯನ್ನು ನೋಡಿದ ದಿನವೇ ಮದ್ದೂರಿನಿಂದ ದೊಡ್ಡವ್ವನ ಊರಿಗೂ ಹೋದೆ. ಆಲೆಮನೆ ನಡೆಯುತ್ತಿತ್ತು. ಕೊಪ್ಪರಿಗೆಯ ಹೊಗೆ ಗದ್ದೆಯ ಮೇಲೆಲ್ಲ ಹರಡಿತ್ತು. ಎರಡು ಜೊತೆ ಎತ್ತು ಬದಲಾಯಿಸಿ ಗಾಣ ತಿರುಗಿಸುತ್ತಿದ್ದರು. ಅದು ಒಂದಿಷ್ಟೂ ಸದ್ದಿಲ್ಲದೆ ತಿರುಗುತ್ತಿತ್ತು. ದೊಡ್ಡವ್ವ ಕಬ್ಬಿನ ಕಟ್ಟುಗಳ ಮುಂದೆ ಕೂತು, ಬೆಂಡಾದವನ್ನು ಬೇರೆ ಮಾಡುತ್ತಿದ್ದರು. ಬೇರೆ ಮಾಡಿದ ರಾಶಿಯೇ ದೊಡ್ಡದಿತ್ತು. ಒಲೆಗೆ ಹಾಕಲು ಬರುತ್ತದೆ ಎಂದರು. ಕೂರಲು ಮಣೆ ಕೊಡಿಸಿ, ಒಂದು ಚೊಂಬು ಕಬ್ಬಿನ ಹಾಲು ತರಿಸಿದರು. ನಾನು ಕುಡಿಯದೆ ಹಿಡಿದುಕೊಂಡೇ ಹೇಳಿದೆ, ವಾಯಿದೆಯ ವಿಷಯದಲ್ಲಿ ನಿಮಗೆ ಸರಿಯಾಗಿ ಹೇಳಿರಲಿಲ್ಲ ಎಂದು.

"ಎಷ್ಟ್ ದಿನ ಇತ್ತು ಅಂಗಾರೆ?"

"ಮೂರು ವರ್ಷ ಇತ್ತು."

ಅವರು ಕೈಯಲ್ಲಿದ್ದ ಕಬ್ಬನ್ನು ಮುರಿದು ಒಳಗೆ ನೋಡಿ ಒಂದು ಕಡೆ ಎಸೆದರು. ಇನ್ನೊಂದು ತೆಗೆದುಕೊಂಡರು. ಮೂರು ವರ್ಷ ಎಂದು ಮೆಲ್ಲಗೆ ತಮಗೇ ಹೇಳಿಕೊಂಡರು. ಮೇಸ್ತ್ರಿಯ ಮಗಳಿಗೆ ಮದುವೆ ಗೊತ್ತಾಗಿತ್ತಂತೆ, ಅಂಗಡಿಗೆ ಬೀಗ ಬಿದ್ದ ಸುದ್ದಿ ಕೇಳಿ ಗಂಡಿನ ಕಡೆಯವರು ಸುಮ್ಮನಾಗಿದ್ದಾರಂತೆ, ತಾವೇ ಚನ್ನಪಟ್ಟಣಕ್ಕೆ ಹೋಗಿ ಅವರ ಹತ್ತಿರ ಮಾತಾಡಿ ಬರಬೇಕು ಎಂದರು. ನಾನು ಬರಲೇ ಎಂದು ಕೇಳಿದೆ. ಬೇಡ ಎಂದರು. ಕಟುವಾಗಿ ಅಲ್ಲ. ನೀರು ಬೇಕೇ ಎಂದರೆ ಬೇಡ ಎನ್ನುವ ಹಾಗೆ.

ಅವರು ಹೋದರು, ಮದುವೆಯೂ ಆಯಿತು ಎಂದು ಮಳವಳ್ಳಿಯ ಒಬ್ಬ ಕಕ್ಷಿದಾರರಿಂದ ಕೇಳಿದೆ. ಆದರೆ ಮೇಸ್ತ್ರಿಗೆ ಸೂಕ್ಷ್ಮದ ಕೆಲಸ ಮತ್ತೆ ಕೈಗೆ ಬರಲಿಲ್ಲ. ಬೀಗದ ಸಮಯದಲ್ಲಿ ಬೇರೆ ಅಂಗಡಿಗೆ ಹೋದ ರೈತರಲ್ಲಿ ಅರ್ಧ ಜನ ವಾಪಸು ಬರಲಿಲ್ಲ. ಮುಂದಿನ ವರ್ಷ ಅಂಗಡಿ ಮುಚ್ಚಿದರು. ದೊಡ್ಡವ್ವ ಆಮೇಲೆ ಯಾವ ಕೇಸನ್ನೂ ನಮ್ಮ ಆಫೀಸಿಗೆ ತರಲಿಲ್ಲ.

ಹಿರಿಯರು ಜೈಲಿನಿಂದ ಬಂದ ಮೇಲೆ ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿ, ಕಡತ ತರಿಸಿಕೊಂಡು, ನನ್ನ ಇಂಗ್ಲಿಷ್ ನೋಟೀಸನ್ನು ಒಂದು ಸಲ ಪೂರ್ತಿ ಓದಿದರು. ನಾವು ಹದಿನೈದು ದಿನ ಕೊಡುವುದು ಎದುರಿನವನು ಸೋಲಲಿ ಎಂದಲ್ಲ, ಏನಾಗಿದೆ ಎಂದು ಹೇಳಲಿ ಅಂತ ಎಂದರು. ಅವನು ಹದಿನಾರನೆಯ ದಿನ ಹೇಳಿದರೂ ಕೇಳಬೇಕು ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ನನ್ನನ್ನು ಆಫೀಸಿನಿಂದ ಕಳಿಸಲೂ ಇಲ್ಲ. ನಾನು ವಕೀಲಿ ಬಿಡಲಿಲ್ಲ. ಅದಾದ ಮೇಲೆ ಒಮ್ಮೆಲೇ ಒಳ್ಳೆಯವನಾದೆ ಎಂದೂ ಹೇಳಲಾರೆ. ನೋಟೀಸುಗಳನ್ನು ಕನ್ನಡದಲ್ಲಿ ಬರೆಯಲು ಶುರು ಮಾಡಿದೆ, ಉತ್ತರ ಬರದಿದ್ದರೆ ಇನ್ನೊಂದು ಕಾಗದ ಹಾಕುತ್ತಿದ್ದೆ, ಆಗುವುದಾದರೆ ಒಂದು ಸಲ ಹೋಗಿ ಬಾಗಿಲು ತಟ್ಟುತ್ತಿದ್ದೆ. ಆದರೆ ಕೋರ್ಟಿನಲ್ಲಿ ಇಕ್ಕಟ್ಟಾದಾಗ ಮಾತು ತಿರುಗಿಸುವ ಚಾಳಿ ಬಹಳ ವರ್ಷ ಹೋಗಲಿಲ್ಲ.

ನಲವತ್ತೇಳರಲ್ಲಿ, ಸ್ವಾತಂತ್ರ್ಯ ಬಂದ ವಾರ, ಮಳವಳ್ಳಿಯಿಂದ ಮಂಡ್ಯಕ್ಕೆ ಬರುತ್ತಿದ್ದಾಗ ಬಸ್ಸು ಮದ್ದೂರಿನಲ್ಲಿ ಬಹಳ ಹೊತ್ತು ನಿಂತಿತು. ಇಳಿದು ಪೇಟೆ ಬೀದಿಗೆ ನಡೆದೆ. ಮೇಸ್ತ್ರಿಯ ಅಂಗಡಿ ಇದ್ದಲ್ಲಿ ಈಗ ಅಕ್ಕಿಯ ಮೂಟೆಗಳು. ಮೂಟೆ ಎಣಿಸುತ್ತಿದ್ದವನನ್ನು ವಿಚಾರಿಸಿದೆ. ಆ ಸಾಬರು ತೀರಿಕೊಂಡು ಆರು ತಿಂಗಳಾಯಿತು, ಹೆಂಡತಿ ಮಗಳ ಮನೆಯಲ್ಲಿದ್ದಾರೆ ಎಂದ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದ. ಗೊತ್ತಿದ್ದವರು ಎಂದೆ. ಬಸ್ಸು ಹೊರಡುವ ಹಾರ್ನು ಕೇಳಿಸಿತು. ಇನ್ನೂ ಏನೋ ಕೇಳಬೇಕೆನ್ನಿಸಿ ಅಲ್ಲೇ ನಿಂತೆ, ಏನು ಕೇಳಬೇಕೆಂದು ತೋಚಲಿಲ್ಲ. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಎರಡು ಗಂಟೆ ಇತ್ತು. ಮಂಡ್ಯದ ಕಡೆಗೆ ನಡೆಯತೊಡಗಿದೆ.